ವಾತಾಪಿಗೆ ಎಷ್ಟು ಹಿಟ್ ಪಾಯಿಂಟ್?

ವಿಜಯಪುರದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟವನ್ನು ಕನ್ನಡದಲ್ಲಿ ಆಡಿಸೋಕೆ ಕೂತರೆ, ಮೊದಲ ಜಗಳ ಶುರುವಾಗುವುದು ‘ರಾಕ್ಷಸ’ ಅಂದ ಕೂಡಲೇ. ಆಟದ ಪುಸ್ತಕದಲ್ಲಿ ಆ ಹೆಸರಿನ ಪ್ರಾಣಿ ಇದೆ. ಹುಲಿಯ ತಲೆ, ಸಾಹುಕಾರನ ಉಡುಪು, ಅಂಗೈ ಹಿಂದುಮುಂದು. ಆರನೇ ಲೆವೆಲ್‌ವರೆಗಿನ ಯಾವ ಸ್ಪೆಲ್ಲೂ, ಅಂದರೆ ಮಂತ್ರವೂ, ಅದು ಒಪ್ಪದೆ ಅದಕ್ಕೆ ತಾಗುವುದಿಲ್ಲ. ಆದರೆ ಟೇಬಲ್ ಸುತ್ತ ಕೂತವರು ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಬ್ಬರಿಸುವ ರಾಕ್ಷಸನನ್ನು ನೋಡಿ ಬೆಳೆದವರು. ‘ಹುಲಿ ತಲಿ ಎಲ್ಲಿಂದ ಬಂತಪಾ?’ ಅಂತ ಒಬ್ಬ ಕೇಳುತ್ತಾನೆ. ‘ಹಂಗಾದ್ರ ಕುಂಭಕರ್ಣಗೂ ಸ್ಪೆಲ್ ತಾಗಂಗಿಲ್ಲೇನು?’ ಅಂತ ಇನ್ನೊಬ್ಬ. ಆಟ ಅಲ್ಲಿಗೇ ನಿಲ್ಲುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಿಎಂ (ಡಂಜನ್ ಮಾಸ್ಟರ್) ಅಂತಾರೆ. ಉಳಿದವರದು ಒಂದೊಂದು ಪಾತ್ರ. ಮಾಡಹೊರಟ ಕೆಲಸ ಆಯಿತೋ ಇಲ್ಲವೋ ಅನ್ನುವುದನ್ನು 20 ಮುಖದ ದಾಳ ಹೇಳುತ್ತದೆ. ಎದುರು ಬರುವ ಪ್ರತಿ ಜೀವಕ್ಕೂ ಒಂದು ಸ್ಟ್ಯಾಟ್ ಬ್ಲಾಕ್ ಇರುತ್ತದೆ: ಏಟು ತಾಗಿಸುವುದು ಎಷ್ಟು ಕಷ್ಟ ಅನ್ನುವುದು ಆರ್ಮರ್ ಕ್ಲಾಸ್, ಎಷ್ಟು ಏಟು ತಡೆದುಕೊಳ್ಳುತ್ತದೆ ಅನ್ನುವುದು ಹಿಟ್ ಪಾಯಿಂಟ್. ಅದರ ಪಕ್ಕದಲ್ಲೇ ಅದು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾಕೆ ಕೆಟ್ಟದು ಅನ್ನುವ ಕಥೆ, ಅಂದರೆ ಲೋರ್. ಕಥೆ ಒಂದು ಹೇಳಿ ರೂಲ್ ಇನ್ನೊಂದು ಹೇಳಿದಾಗ ಡಿಎಂ ಆದವರು ಏನು ಮಾಡಬೇಕು ಅನ್ನುವುದೇ ಇಲ್ಲಿರುವ ವಿಷಯ. ಇಲ್ಲಿರುವ ಅಂಕಿಗಳು 2014ರ 5ನೇ ಆವೃತ್ತಿಯವು. ಅದರ ಮೂಲ ರೂಲುಗಳನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟಿದ್ದಾರೆ. ಪುಕ್ಕಟೆ ಸಿಗುತ್ತವೆ, ಕನ್ನಡಕ್ಕೆ ತಂದುಕೊಳ್ಳೋಕೂ ಅಡ್ಡಿಯಿಲ್ಲ.

ಮೊದಲು ಒಂದು ಹೆದರಿಕೆ ಬಿಡಿ. ಪುಸ್ತಕದಲ್ಲಿ ಬರೆದದ್ದು ವೇದ ಅಲ್ಲ. ಔಲ್‌ಬೇರ್, ರಸ್ಟ್ ಮಾನ್‌ಸ್ಟರ್, ಬುಲೆಟ್ ಅನ್ನುವ ಮೂರು ಹೆಸರಾಂತ ಪ್ರಾಣಿಗಳು ಹುಟ್ಟಿದ್ದು ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳಿಂದ. ಆಟ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವನ್ನು ಅಂಗಡಿಯಿಂದ ತಂದು ಟೇಬಲ್ ಮೇಲೆ ಇಟ್ಟರು. ಗೊಂಬೆ ಮೊದಲು ಬಂತು, ಕಥೆ ಆಮೇಲೆ ಅಂಟಿಕೊಂಡಿತು. ಆಟದ ರಾಕ್ಷಸನ ಕಥೆಯೂ ಅಷ್ಟೇ. ಒಳ್ಳೆಯವರು ಹಿಡಿದ ಮಂತ್ರದ ಆಯುಧ ಚುಚ್ಚಿದರೆ ಅದಕ್ಕೆ ಎರಡು ಪಟ್ಟು ಏಟು ಅನ್ನುವ ರೂಲ್ ಇದೆಯಲ್ಲ, ಅದರ ಬೇರು ರಾಮಾಯಣದಲ್ಲಿಲ್ಲ. 1970ರ ದಶಕದ ಒಂದು ಅಮೆರಿಕನ್ ಟಿವಿ ಕಥೆಯಲ್ಲಿದೆ. ಅವರು ತಮಗೆ ಬೇಕಾದಂತೆ ಬದಲಿಸಿಕೊಂಡಿದ್ದಾರೆ ಅಂದಮೇಲೆ ನಾವು ಬದಲಿಸಿಕೊಂಡರೆ ಯಾರ ಗಂಟು ಹೋಗುತ್ತದೆ?

ಮೊದಲು ಸಾವು ಬರೆಯಿರಿ

ಜಾಸ್ತಿ ಡಿಎಂಗಳು ಹೊಸ ಪ್ರಾಣಿ ಮಾಡುವಾಗ ಹಿಟ್ ಪಾಯಿಂಟ್‌ನಿಂದ ಶುರು ಮಾಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನಮ್ಮ ಕಡೆಯ ಯಾವ ಕಥೆ ತೆಗೆದುಕೊಂಡರೂ ಜನರಿಗೆ ನೆನಪಿರುವುದು ಒಂದೇ ಸಂಗತಿ, ಅದು ಹೇಗೆ ಸತ್ತಿತು. ಹಿರಣ್ಯಕಶಿಪುವಿನ ಸೈನ್ಯ ಎಷ್ಟಿತ್ತು ಅಂತ ಯಾರೂ ಹೇಳಲಾರರು, ಹೊಸ್ತಿಲು, ಮುಸ್ಸಂಜೆ, ಉಗುರು ಮಾತ್ರ ಎಲ್ಲರಿಗೂ ಗೊತ್ತು. ಹಾಗಾಗಿ ಹಾಳೆಯ ಮೇಲೆ ಮೊದಲ ಸಾಲು ಸಾವಿನದ್ದೇ ಆಗಲಿ. ಕಥೆಯಲ್ಲಿ ಅದನ್ನು ಮಣಿಸಿದ ಉಪಾಯ ನಿಮ್ಮ ಟೇಬಲ್ ಮೇಲೂ ಕೆಲಸ ಮಾಡಲೇಬೇಕು. ಆಟಗಾರ ಕಥೆಯನ್ನು ನಂಬಿ ಒಂದು ಉಪಾಯ ಹೂಡಿದಾಗ ‘ರೂಲ್‌ನಲ್ಲಿ ಹಾಗಿಲ್ಲ’ ಅಂದರೆ, ಅವನು ಮುಂದೆ ಕಥೆ ಕೇಳುವುದನ್ನೇ ಬಿಟ್ಟು ಬರೀ ಕತ್ತಿ ಬೀಸುತ್ತಾನೆ.

ಪುಸ್ತಕದೊಳಗೇ ಇದನ್ನು ಚೆನ್ನಾಗಿ ಮಾಡಿದ ಉದಾಹರಣೆ ವ್ಯಾಂಪೈರ್. ಪ್ರತಿ ಸರದಿಯ ಶುರುವಿಗೆ 20 ಹಿಟ್ ಪಾಯಿಂಟ್ ತಾನಾಗಿ ವಾಪಸ್ ಬರುತ್ತದೆ, ಬಿಸಿಲಲ್ಲಿ ಅಥವಾ ಹರಿಯುವ ನೀರಲ್ಲಿ ಇದ್ದರೆ ಬರುವುದಿಲ್ಲ. ಬಿಸಿಲಿಗೆ ಬಂದರೆ ಸರದಿಗೆ 20 ಏಟು. ಕರೆಯದೇ ಮನೆಯೊಳಗೆ ಕಾಲಿಡುವಂತಿಲ್ಲ. ಕಥೆಯ ಒಂದೊಂದು ಮಾತಿಗೂ ಒಂದೊಂದು ರೂಲ್. ಕಥೆ ಗೊತ್ತಿದ್ದವರಿಗೆ ರೂಲ್ ಓದುವ ಅಗತ್ಯವೇ ಇಲ್ಲ.

ಟ್ರೋಲ್ ಅನ್ನುವ ದೈತ್ಯ ಅದಕ್ಕೆ ಉಲ್ಟಾ. ಅದಕ್ಕೆ ಸರದಿಗೆ 10 ಹಿಟ್ ಪಾಯಿಂಟ್ ಮರಳುತ್ತದೆ, ಬೆಂಕಿ ಅಥವಾ ಆಸಿಡ್ ತಾಗಿದರೆ ಮಾತ್ರ ಒಂದು ಸರದಿ ನಿಲ್ಲುತ್ತದೆ. ನಾರ್ವೆ ಕಡೆಯ ಜನಪದ ಕಥೆಗಳಲ್ಲಿ ಟ್ರೋಲ್ ಬಿಸಿಲಿಗೆ ಕಲ್ಲಾಗುತ್ತದೆ, ಇಲ್ಲಿ ಆ ಮಾತೇ ಇಲ್ಲ. ಮೇಲಾಗಿ ನಮ್ಮ ಆಟಗಾರರಿಗೆ ಟ್ರೋಲ್ ಅಂದರೆ ಫೇಸ್‌ಬುಕ್‌ನಲ್ಲಿ ಕಾಲೆಳೆಯುವುದು. ಬೆಂಕಿಯ ಗುಟ್ಟು ಅವರಿಗೆ ಹೇಗೆ ಗೊತ್ತಾಗಬೇಕು? ಇಂಥ ಕಡೆ ರೂಲ್ ಹಾಗೇ ಇರಲಿ, ಕಥೆಯನ್ನು ನೀವು ಸೇರಿಸಿ. ಅಗಸಿಯ ಹೊರಗೆ ಅರ್ಧ ಸುಟ್ಟ ದೊಡ್ಡ ತೋಳು ಬಿದ್ದಿದೆ, ಸುಡದೇ ಉಳಿದ ಬೆರಳು ಇನ್ನೂ ಆಡುತ್ತಿದೆ, ಊರ ಮುದುಕಿ ಅದರ ಮೇಲೆ ಕುಳ್ಳು ಒಟ್ಟುತ್ತಿದ್ದಾಳೆ. ಸಾಕು.

ಬಾದಾಮಿಯಲ್ಲಿ ಒಂದು ಊಟ

ಈಗ ಕಷ್ಟದ್ದು. ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಹಳೆಯ ಹೆಸರೇ ವಾತಾಪಿ. ಅಲ್ಲಿನ ಕೆರೆಗೆ ಇವತ್ತಿಗೂ ಅಗಸ್ತ್ಯ ತೀರ್ಥ ಅಂತಾರೆ. ಇಲ್ವಲ ತನ್ನ ತಮ್ಮ ವಾತಾಪಿಯನ್ನು ಆಡು ಮಾಡಿ, ಕೊಯ್ದು, ಬೇಯಿಸಿ, ಮನೆಗೆ ಬಂದ ಅತಿಥಿಗೆ ಬಡಿಸುತ್ತಾನೆ. ಊಟ ಮುಗಿದ ಮೇಲೆ ‘ವಾತಾಪಿ, ಹೊರಗೆ ಬಾ’ ಅಂತ ಕೂಗುತ್ತಾನೆ. ತಮ್ಮ ಹೊಟ್ಟೆ ಸೀಳಿಕೊಂಡು ಬರುತ್ತಾನೆ. ಅಗಸ್ತ್ಯ ಮಾತ್ರ ಉಂಡು, ಹೊಟ್ಟೆ ಸವರಿ, ಅವನನ್ನು ಅರಗಿಸಿಕೊಂಡುಬಿಟ್ಟ. ಮಕ್ಕಳಿಗೆ ಹಾಲು ಕುಡಿಸಿ ‘ಜೀರ್ಣ ಜೀರ್ಣ ವಾತಾಪಿ ಜೀರ್ಣ’ ಅನ್ನುವುದು ಎಷ್ಟೋ ಮನೆಗಳಲ್ಲಿ ಈಗಲೂ ಇದೆ, ಅಲ್ವಾ?

ಇದನ್ನು ಆಟಕ್ಕೆ ತಂದರೆ ಎಲ್ಲ ಕಡೆಯೂ ರೂಲ್ ಅಡ್ಡ ಬರುತ್ತದೆ. ಹೊಟ್ಟೆ ಸೀಳಿದರೆ ಆಟಗಾರ ಸತ್ತ, ದಾಳ ಹಾಕುವ ಮೊದಲೇ. ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಒಂದು ತುತ್ತಿಗೆ ಹೋದರೆ ಯಾರಿಗೂ ಖುಷಿ ಇರಲ್ಲ. ಇನ್ನು ವಾತಾಪಿಗೆ ಹಿಟ್ ಪಾಯಿಂಟ್ ಕೊಟ್ಟರೂ ಹೊಟ್ಟೆಯೊಳಗೆ ಇರುವವನನ್ನು ಹೊಡೆಯುವುದು ಹೇಗೆ? ಹೊಸ ರೂಲ್ ಹುಟ್ಟಿಸಬೇಡಿ. ಪುಸ್ತಕದಲ್ಲಿ ಇದೇ ತರಹದ ಕಷ್ಟವನ್ನು ಬೇರೆ ಯಾವ ಪ್ರಾಣಿಗೆ ಬಿಡಿಸಿದ್ದಾರೆ ಅಂತ ಹುಡುಕಿ. ಇಲ್ಲಿ ಕೈಗೆ ಸಿಗುವುದು ಮೆಡುಸಾ. ಅವಳ ಕಣ್ಣು ನೋಡಿದವರು ತಾಳಿಕೆಯ (ಕಾನ್‌ಸ್ಟಿಟ್ಯೂಶನ್) ಸೇವಿಂಗ್ ಥ್ರೋ, ಅಂದರೆ ಆಪತ್ತಿನಿಂದ ಪಾರಾಗೋಕೆ ದಾಳ, ಹಾಕಬೇಕು. ಒಮ್ಮೆ ಸೋತರೆ ಮೈ ಬಿಗಿಯತೊಡಗುತ್ತದೆ, ಮುಂದಿನ ಸರದಿಯಲ್ಲೂ ಸೋತರೆ ಪೂರ್ತಿ ಕಲ್ಲು. 5 ಅಥವಾ ಅದಕ್ಕಿಂತ ಜಾಸ್ತಿ ಅಂತರದಲ್ಲಿ ಸೋತರೆ ನೇರ ಕಲ್ಲು ಅಂತಲೂ ಇದೆ, ಆ ಭಾಗ ಬಿಟ್ಟುಬಿಡಿ. ನಮಗೆ ಬೇಕಾದದ್ದು ನಡುವಿನ ಆ ಒಂದು ಸರದಿ. ಭಯ ಇರುವುದೂ ಅಲ್ಲೇ, ಆಟ ಇರುವುದೂ ಅಲ್ಲೇ.

ನಾನು ಕಟ್ಟಿದ ರೂಲ್ ಹೀಗಿದೆ. ಊಟ ಮಾಡಿದ ಎಲ್ಲರೂ ಒಂದು ದಾಳ ಹಾಕಲಿ, ಎಲ್ಲರಿಗಿಂತ ಕಡಿಮೆ ಬಂದವನ ಹೊಟ್ಟೆಯಲ್ಲಿ ವಾತಾಪಿ ಕೂಡಿಕೊಳ್ಳುತ್ತಾನೆ. ಇಲ್ವಲ ಕೂಗಿದ ಮೇಲೆ ಆ ಪಾತ್ರಕ್ಕೆ ಪ್ರತಿ ಸರದಿಗೆ 14ರ ಸೇವಿಂಗ್ ಥ್ರೋ, ಅಂದರೆ 14 ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ಒಮ್ಮೆ ಸೋತರೆ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂರಬೇಕು, ನಡೆಯೋಕಾಗಲ್ಲ. ಎರಡನೇ ಸಲ ಸೋತರೆ ಆರು ಮುಖದ ಎಂಟು ದಾಳದಷ್ಟು ಏಟು, ವಾತಾಪಿ ಹೊರಗೆ. ಆದರೆ ಅದಕ್ಕೂ ಮೊದಲು ಮೂರು ಸಲ ಗೆದ್ದರೆ ಅವನು ಜೀರ್ಣ, ಕಥೆ ಮುಗಿಯಿತು. ಸಾಯುವ ಹಂತದಲ್ಲಿ ಹಾಕುವ, ಮೂರು ಸಲ ಗೆದ್ದರೆ ಜೀವ ಉಳಿಯುವ ಡೆತ್ ಸೇವ್ ಆಟಗಾರರಿಗೆಲ್ಲ ಗೊತ್ತಿರುವುದರಿಂದ ಈ ಲೆಕ್ಕ ಯಾರಿಗೂ ಹೊಸದು ಅನ್ನಿಸುವುದಿಲ್ಲ. ಹೊರಬಂದ ವಾತಾಪಿಗೆ ಓಗರ್ ಅನ್ನುವ ದೈತ್ಯನ ಸ್ಟ್ಯಾಟ್ ಬ್ಲಾಕ್ ಕೊಡಿ: ಆರ್ಮರ್ ಕ್ಲಾಸ್ 11, ಹಿಟ್ ಪಾಯಿಂಟ್ 59. ಇಲ್ವಲನಿಗೆ ಮೇಜ್ ಅನ್ನುವ ಮಂತ್ರವಾದಿಯದ್ದು, ಹಿಟ್ ಪಾಯಿಂಟ್ 40. ಐದನೇ ಲೆವೆಲ್‌ನ ನಾಲ್ವರಿಗೆ ಇದು ಕಷ್ಟದ ಹೋರಾಟ, ಆದರೆ ಗೆಲ್ಲಬಹುದು.

ಇನ್ನು ಆಟಗಾರರು ಎಬ್ಬಿಸುವ ಪ್ರಶ್ನೆಗಳು.

‘ಊಟಕ್ಕೂ ಮೊದಲು ಡಿಟೆಕ್ಟ್ ಮ್ಯಾಜಿಕ್ ಹಾಕ್ತೀನಿ.’ ಹಾಕಲಿ. 30 ಅಡಿಯೊಳಗೆ ಮಾಯೆ ಇದ್ದರೆ ಆ ಸ್ಪೆಲ್‌ಗೆ ಗೊತ್ತಾಗುತ್ತದೆ, ತಟ್ಟೆಯಲ್ಲಿ ಮಾಯೆ ಇದೆ ಅಂತ ಪ್ರಾಮಾಣಿಕವಾಗಿ ಹೇಳಿ. ಆದರೆ ಆ ಸ್ಪೆಲ್‌ಗೆ ಬಾಯಲ್ಲಿ ಮಂತ್ರ ಹೇಳಬೇಕು, ಕೈ ಆಡಿಸಬೇಕು. ಉಣ್ಣೋಕೆ ಕೂತ ಪಂಕ್ತಿಯಲ್ಲಿ ಮನೆ ಯಜಮಾನನ ಎದುರೇ ಹಾಗೆ ಮಾಡಿದರೆ ಅವನು ಸುಮ್ನೆ ಇರುತ್ತಾನಾ? ರೂಲೇ ಇಲ್ಲಿ ಕಥೆಯ ಪರ ನಿಂತಿದೆ.

‘ಇಲ್ವಲನ ಮೇಲೆ ಸೈಲೆನ್ಸ್ ಹಾಕ್ತೀನಿ.’ ಇದಕ್ಕೆ ಚಪ್ಪಾಳೆ ಹೊಡೆಯಿರಿ. ಸೈಲೆನ್ಸ್ ಎರಡನೇ ಲೆವೆಲ್ ಸ್ಪೆಲ್, 20 ಅಡಿ ತ್ರಿಜ್ಯದಲ್ಲಿ ಯಾವ ಸಪ್ಪಳವೂ ಹುಟ್ಟುವುದಿಲ್ಲ. ಕರೆ ಕೇಳದಿದ್ದರೆ ವಾತಾಪಿ ಬರುವಂತಿಲ್ಲ. ಕಥೆಯಲ್ಲಿ ಇಲ್ಲದ ಉಪಾಯ ಇದು, ಆದರೂ ಕಥೆಯ ಷರತ್ತಿಗೆ ಸರಿಯಾಗಿ ಕೂರುತ್ತದೆ. ಇಲ್ವಲನ ಬಾಯಿಗೆ ಬಟ್ಟೆ ತುರುಕಿದರೂ ನಡೆಯುತ್ತದೆ. ರಾತ್ರಿ ಕಳೆಯುವವರೆಗೆ ಕೂಗೋಕೆ ಬಿಡದಿದ್ದರೆ ವಾತಾಪಿ ತಾನಾಗಿ ಅರಗಿಹೋಗುತ್ತಾನೆ.

‘ನಾನು ಡ್ವಾರ್ಫ್, ವಿಷದ ವಿರುದ್ಧ ನನಗೆ ಅಡ್ವಾಂಟೇಜ್ ಇದೆ.’ ಡ್ವಾರ್ಫ್ ಅಂದರೆ ಆಟದ ಕುಳ್ಳ ಜನ, ಅಡ್ವಾಂಟೇಜ್ ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು. ಕಟ್ಟುನಿಟ್ಟಾಗಿ ನೋಡಿದರೆ ವಾತಾಪಿ ವಿಷ ಅಲ್ಲ. ಆದರೂ ಕೊಡಿ. ಕಲ್ಲು ಅರಗಿಸುವ ಹೊಟ್ಟೆ ಅನ್ನುವುದೇ ಆ ಜನರ ಲೋರ್, ಅದನ್ನು ತೋರಿಸೋಕೆ ಇದಕ್ಕಿಂತ ಒಳ್ಳೆಯ ಊಟ ಸಿಗಲ್ಲ.

‘ನನ್ನ ಪಾತ್ರ ಶಾಕಾಹಾರಿ.’ ನಮ್ಮ ಭಾಗದಲ್ಲಿ ಇದು ಬಂದೇ ಬರುತ್ತದೆ. ಇಲ್ಲಿ ಕಥೆಯ ಎಲುಬು ಯಾವುದು, ಮೇಲಿನ ಚರ್ಮ ಯಾವುದು ಅಂತ ನೋಡಬೇಕು. ಅತಿಥಿ ಉಣ್ಣುತ್ತಾನೆ, ಯಜಮಾನ ಕರೆಯುತ್ತಾನೆ, ಉಂಡದ್ದು ಎದ್ದು ಬರುತ್ತದೆ. ಎಲುಬು ಇಷ್ಟೇ. ಆಡು ಚರ್ಮ. ಎಣಗಾಯಿ ಬಡಿಸಿ, ಬದನೆಕಾಯಿಯೊಳಗೆ ವಾತಾಪಿಯನ್ನು ಕೂರಿಸಿ. ಖಡಕ್ ರೊಟ್ಟಿ ಜೊತೆಗಿದ್ದರೆ ಅನುಮಾನವೂ ಬರಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಎಲ್ಲರಿಗೂ ಕಥೆ ಗೊತ್ತಲ್ಲ! ‘ನಿಮ್ಮ ಪಾತ್ರಕ್ಕೆ ಇದು ಗೊತ್ತಿಲ್ಲ’ ಅಂತ ಬಾಯಿ ಮುಚ್ಚಿಸುವ ಡಿಎಂಗಳಿದ್ದಾರೆ. ನನಗದು ಸರಿ ಕಾಣಲ್ಲ. ಆ ನೆಲದಲ್ಲಿ ಹುಟ್ಟಿದ ಪಾತ್ರಕ್ಕೆ ಅಜ್ಜಿ ಹೇಳಿದ ಕಥೆ ಗೊತ್ತಿರುವುದೇ ಸಹಜ. ಹೊಟ್ಟೆ ಸವರಿ ಜೀರ್ಣ ಜೀರ್ಣ ಅಂದವನಿಗೆ ಆ ಸರದಿಗೆ ಅಡ್ವಾಂಟೇಜ್ ಕೊಡಿ. ಕಥೆಯಲ್ಲೇ ಎರಡು ಪಾಠ ಇವೆ ಅನ್ನುವುದು ನಿಮ್ಮ ಕೈಯಲ್ಲಿರುವ ತುರುಫು. ಮಹಾಭಾರತದಲ್ಲಿ ಇಲ್ವಲ ಹೆದರಿ ಅಗಸ್ತ್ಯನಿಗೆ ಸಂಪತ್ತು ಕೊಟ್ಟು ಕಳಿಸುತ್ತಾನೆ, ರಾಮಾಯಣದಲ್ಲಿ ಮೇಲೆ ಬಿದ್ದು ಸುಟ್ಟುಹೋಗುತ್ತಾನೆ. ಎರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಎಸೆಯಬೇಡಿ. ಸಂತೆಯಲ್ಲಿ ಒಬ್ಬ ‘ಅವ ಸತ್ತ’ ಅನ್ನಲಿ, ಇನ್ನೊಬ್ಬ ‘ಇಲ್ಲ, ರೊಕ್ಕ ಕೊಟ್ಟು ಉಳಕೊಂಡ’ ಅನ್ನಲಿ. ಯಾವುದು ನಿಜ ಅಂತ ಆಟಗಾರರೇ ಹೋಗಿ ನೋಡುತ್ತಾರೆ. ಲೋರ್‌ನಲ್ಲಿ ಹೊಂದಾಣಿಕೆ ಇಲ್ಲದ ಕಡೆ ಸುಮ್ನೆ ಗಾಳಿಸುದ್ದಿ ಮಾಡಿಬಿಟ್ಟರೆ ಅರ್ಧ ತಲೆನೋವು ಹೋಗುತ್ತದೆ.

ಹಳ್ಳಿ ಇನ್ನೂ ಯಾಕೆ ಉಳಿದಿದೆ?

ಕೆಲವು ಸಲ ಉಲ್ಟಾ ಆಗುತ್ತದೆ. ರೂಲ್ ಬರೆದವರು ಅದರಿಂದ ಊರಿಗೆ ಏನಾಗುತ್ತದೆ ಅಂತ ಯೋಚಿಸಿರುವುದಿಲ್ಲ. ಶ್ಯಾಡೋ ಅಂತ ಒಂದು ಪ್ರಾಣಿ ಇದೆ, ಎದ್ದು ಓಡಾಡುವ ನೆರಳು. ಹಿಟ್ ಪಾಯಿಂಟ್ ಬರೀ 16. ಪುಸ್ತಕದ ಪ್ರಕಾರ ಸಣ್ಣ ಶತ್ರು. ಆದರೆ ಅದರ ಒಂದೊಂದು ಏಟಿಗೆ 1ರಿಂದ 4ರವರೆಗೆ ಮೈಬಲ ಇಳಿಯುತ್ತದೆ, ಸಾಮಾನ್ಯ ಮನುಷ್ಯನ ಮೈಬಲ 10, ಅದು ಸೊನ್ನೆಯಾದರೆ ಸಾವು, ಮತ್ತು ಸತ್ತವನ ಹೆಣದಿಂದ 1ರಿಂದ 4 ಗಂಟೆಯಲ್ಲಿ ಇನ್ನೊಂದು ನೆರಳು ಏಳುತ್ತದೆ. ಲೆಕ್ಕ ಹಾಕಿ ನೋಡಿ. ಡೋಣಿ ನದಿ ದಂಡೆಯ ಒಂದು ಹಳ್ಳಿಗೆ ಸಂಜೆ ಒಂದು ನೆರಳು ಬಂದರೆ ಬೆಳಗಾಗುವಷ್ಟರಲ್ಲಿ ಒಲೆ ಹಚ್ಚೋಕೆ ಯಾರೂ ಉಳಿದಿರುವುದಿಲ್ಲ. ಹಾಗಿದ್ದರೆ ಈ ಜಗತ್ತಿನಲ್ಲಿ ಹಳ್ಳಿಗಳು ಹೇಗಿವೆ?

ಈ ಪ್ರಶ್ನೆಯನ್ನು ಮುಚ್ಚಿಹಾಕಬೇಡಿ, ಇದರಲ್ಲೇ ಒಂದಿಡೀ ಸಾಹಸ ಇದೆ. ರೂಲ್‌ನಲ್ಲಿ ನೆರಳಿಗೆ ಬಿಸಿಲು ಆಗಿಬರುವುದಿಲ್ಲ ಅಂತ ಇದೆ. ಅದನ್ನು ಒಂದು ಹೆಜ್ಜೆ ಮುಂದೆ ತಳ್ಳಿ, ದೀಪದ ಪೂರ್ತಿ ಬೆಳಕಿರುವ ಜಾಗಕ್ಕೆ ಅದು ಕಾಲಿಡುವುದಿಲ್ಲ ಅಂತ ಸೇರಿಸಿ. ಈಗ ದೀಪದ ರೂಲ್ ನೋಡಿ. ಆಟದಲ್ಲಿ ಒಂದು ದೀಪ 15 ಅಡಿವರೆಗೆ ಚೆನ್ನಾಗಿ ಬೆಳಗುತ್ತದೆ, ಒಂದು ಕುಪ್ಪಿ ಎಣ್ಣೆಗೆ 6 ಗಂಟೆ ಉರಿಯುತ್ತದೆ. ರಾತ್ರಿ 6 ಗಂಟೆಗಿಂತ ಉದ್ದ. ಅಂದರೆ ನಡುರಾತ್ರಿ ಯಾರಾದರೂ ಎದ್ದು ಎಣ್ಣೆ ಹಾಕಲೇಬೇಕು. ತಗೊಳ್ಳಿ, ಊರಿಗೊಂದು ಪದ್ಧತಿ ಹುಟ್ಟಿತು: ಮನೆ ಮನೆಯ ಮಾಡದಲ್ಲಿ ದೀಪ, ನಡುರಾತ್ರಿ ಎಣ್ಣೆ ಹಾಕುತ್ತಾ ಬರುವ ಒಂದು ಮನೆತನ, ಅವರಿಗೆ ಸುಗ್ಗಿಯಲ್ಲಿ ಪಾಲು ಜೋಳ. ಈ ವರ್ಷ ಆ ಪಾಲು ಕೊಡದೇ ಜಗಳ ಆಗಿದೆ. ಇನ್ನೇನು ಬೇಕು? ಕೆಟ್ಟವರ ಹೆಣದಿಂದ ನೆರಳು ಏಳುವುದಿಲ್ಲ ಅನ್ನುವುದೂ ರೂಲ್‌ನಲ್ಲೇ ಇದೆ. ಊರಲ್ಲಿ ದೊಡ್ಡ ಧರ್ಮವಂತ ಅಂತ ಹೆಸರಾದವನ ಹೆಣ ಮಾತ್ರ ಹಾಗೇ ಬಿದ್ದಿದ್ದರೆ ಆಟಗಾರರ ಕಿವಿ ತಾನಾಗಿ ನಿಮಿರುತ್ತದೆ.

ಇನ್ನೊಂದಿಷ್ಟು ಚಿಲ್ಲರೆ

ರಕ್ತಬೀಜನನ್ನು ತರಬೇಕು ಅನ್ನಿಸಿದರೆ ಬ್ಲ್ಯಾಕ್ ಪುಡಿಂಗ್ ಅನ್ನುವ ಪ್ರಾಣಿಯ ರೂಲ್ ತೆಗೆದುಕೊಳ್ಳಿ. ಕಡಿಯುವ ಆಯುಧ ತಾಗಿದರೆ ಅದು ಎರಡಾಗುತ್ತದೆ, ಉಳಿದ ಹಿಟ್ ಪಾಯಿಂಟ್ ಇಬ್ಬರಿಗೂ ಅರ್ಧರ್ಧ. ಕಥೆಯ ಪ್ರಕಾರ ಹೊಸಬನಿಗೂ ಅಷ್ಟೇ ಬಲ ಇರಬೇಕು, ನಿಜ. ಆದರೆ ಹಾಗೆ ಮಾಡಿದರೆ ನಾಲ್ಕನೇ ಸರದಿಗೆ ನೀವು ಹದಿನೈದು ರಾಕ್ಷಸರ ಲೆಕ್ಕ ಬರೆಯುತ್ತಾ ಕೂತಿರುತ್ತೀರಿ, ಆಟಗಾರರು ಮೊಬೈಲ್ ನೋಡುತ್ತಿರುತ್ತಾರೆ. ಅರ್ಧವೇ ಇರಲಿ. ನೆಲಕ್ಕೆ ರಕ್ತ ಬೀಳಬಾರದು ಅನ್ನುವ ಷರತ್ತು ಮಾತ್ರ ಬಿಡಬೇಡಿ. ಯಾರಾದರೂ ಕಂಬಳಿ ಹಾಸಿದರೆ ಕೆಲಸ ಮಾಡಲಿ, ಗದೆಯಿಂದ ಜಜ್ಜಿದರೆ ಒಡೆಯದೇ ಇರಲಿ.

ಬೇತಾಳಕ್ಕೆ ದಾಳವೇ ಬೇಡ. ಹೊತ್ತುಕೊಂಡು ಹೋಗುವಾಗ ಮಾತಾಡಿದರೆ ಅದು ಮರಕ್ಕೆ ವಾಪಸ್. ಇದನ್ನು ಟೇಬಲ್ ಮೇಲೆ ಕೂತವರಿಗೇ ಹಾಕಿ, ಆಟಗಾರ ಬಾಯಿ ಬಿಟ್ಟರೆ ಪಾತ್ರ ಬಾಯಿ ಬಿಟ್ಟಂತೆ. ಒಂದು ಸಲಕ್ಕೆ ಮಜಾ ಬರುತ್ತದೆ, ಎರಡನೇ ಸಲ ಕಿರಿಕಿರಿ.

ಚಿತ್ರ, ಶಿಲ್ಪ ನೋಡಿ ಪ್ರಾಣಿ ಮಾಡುವವರಿಗೆ ಒಂದು ಮಾತು. ನಮ್ಮೂರ ಮಲಿಕ್-ಎ-ಮೈದಾನ್ ತೋಪಿನ ಬಾಯಿ ಸಿಂಹದ್ದು, ಅದರ ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ಅದನ್ನು ಜೀವಂತ ಮಾಡಬೇಕು ಅಂತ ಪುಸ್ತಕ ತೆಗೆದರೆ ತಮಾಷೆ ಕಾದಿದೆ. ಆಟದ ದೈತ್ಯ ಹುಳು ಪರ್ಪಲ್ ವರ್ಮ್ ಕೂಡ ‘ಲಾರ್ಜ್’ ಗಾತ್ರದವರೆಗೆ ಮಾತ್ರ ನುಂಗಬಲ್ಲದು, ಆನೆ ಅದಕ್ಕೂ ಒಂದು ಮೆಟ್ಟಿಲು ಮೇಲೆ, ‘ಹ್ಯೂಜ್’. ನಮ್ಮ ತೋಪಿನ ಸಿಂಹ ಇಡೀ ಪುಸ್ತಕವನ್ನೇ ಮೀರಿಸಿದೆ. ಇಲ್ಲಿ ನಾನು ರೂಲ್ ಪರ. ಕಥೆಯ ಅಳತೆಯನ್ನು ಹಾಗೇ ತಂದರೆ ಉಳಿದ ಪ್ರಾಣಿಗಳೆಲ್ಲ ಇಲಿಮರಿಗಳಾಗುತ್ತವೆ. ಆನೆಯ ಬದಲು ಕುದುರೆ ನುಂಗಲಿ, ಆನೆ ನುಂಗಿದ ಸುದ್ದಿ ಲಾವಣಿಯಲ್ಲಿ ಇರಲಿ.

ಆಟದ ನಡುವೆ ವಾದ ಎದ್ದರೆ

ಎಷ್ಟೇ ತಯಾರಿ ಮಾಡಿದರೂ ಯಾರೋ ಒಬ್ಬರು ‘ನಮ್ಮ ಕಡೆ ದೆವ್ವದ ಕಾಲು ಹಿಂದುಮುಂದು ಇರ್ತಾವ, ಇದರ ಹೆಜ್ಜಿ ಯಾಕ ಸೀದಾ ಅದಾವ?’ ಅಂತ ಕೇಳುತ್ತಾರೆ. ಇದರಿಂದ ಆಟಗಾರರ ಮುಂದಿನ ನಡೆ ಬದಲಾಗುತ್ತದಾ ನೋಡಿ. ಬದಲಾಗದಿದ್ದರೆ ಹೌದು ಅಂದುಬಿಡಿ, ಕಾಲು ಹಿಂದುಮುಂದೇ ಇರಲಿ, ನಿಮ್ಮ ಗಂಟೇನೂ ಹೋಗಲ್ಲ. ಬದಲಾಗುವುದಾದರೆ, ಉದಾಹರಣೆಗೆ ಹೆಜ್ಜೆ ಗುರುತು ಹಿಡಿದು ಹೋಗುತ್ತಿದ್ದರೆ, ಒಂದು ನಿಮಿಷದಲ್ಲಿ ತೀರ್ಮಾನ ಹೇಳಿ, ವಹಿಯಲ್ಲಿ ಬರೆದುಕೊಂಡು ಮುಂದೆ ಹೋಗಿ. ಪುಸ್ತಕ ತಿರುವಿ ಹಾಕುವುದು ಆಟ ಮುಗಿದ ಮೇಲೆ, ಚಹಾ ಕುಡಿಯುತ್ತಾ. ಆಗ ನಿಮ್ಮ ತೀರ್ಮಾನ ಬದಲಿಸಬೇಕು ಅನ್ನಿಸಿದರೆ ಮುಂದಿನ ಸಲ ಶುರುವಿನಲ್ಲೇ ಎಲ್ಲರಿಗೂ ಹೇಳಿ. ಆಗಿಹೋದ ಏಟು, ಸತ್ತ ದೆವ್ವ ವಾಪಸ್ ತರಬೇಡಿ, ಹೊಸ ರೂಲ್ ಮುಂದಿನ ದೆವ್ವದಿಂದ ಜಾರಿ.